ಐದು ವರ್ಷದ ಹೂಂ

ದಾಂಡೇಲಿ,
೧೧ ನವೆಂಬರ್ ೨೦೨೫, ಮಂಗಳವಾರ

ಪ್ರೀತಿಯ ಸುಶೀಲಾ,

ಹೀಗೆ ಬರೆದು ಎರಡು ಸಲ ಹಾಳೆ ಹರಿದೆ, ಮೂರನೇ ಸಲ ಹಾಗೇ ಬಿಟ್ಟಿದ್ದೇನೆ. ನಲವತ್ಮೂರು ವರ್ಷದ ಸಂಸಾರದಲ್ಲಿ "ಬಾಳೇಶನ ಅವ್ವಾ" ಎಂದು ಕರೆದೇ ರೂಢಿ. ಈಗ ಹೆಸರು ಹಿಡಿದು ಬರೆದರೆ ನೀನು ನಗುತ್ತೀಯ, ನಗು. ಮೊಣಕಾಲು ಹೇಗಿದೆ? ಮುಂಡಗೋಡದಲ್ಲಿ ಥಂಡಿ ಶುರುವಾಗಿರಬೇಕು. ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಅಥವಾ ಮಗಳ ಮನೆಯಲ್ಲೂ ನನ್ನದೇನು ಮಹಾ ಎಂದು ಸುಮ್ಮನಿದ್ದೀಯೋ? ಮೊಮ್ಮಕ್ಕಳ ಹಿಂದೆ ಮೆಟ್ಟಿಲು ಹತ್ತಿ ಇಳಿಯಬೇಡ. ಪತ್ರ ಬಂತೆಂದು ಗಾಬರಿಯಾಗಬೇಡ, ಇಲ್ಲಿ ಎಲ್ಲರೂ ನೆಟ್ಟಗಿದ್ದೇವೆ. ಬಾಳೇಶನಿಗೆ ಪುರುಸೊತ್ತಿಲ್ಲ, ಹೊಳೆ ನೋಡಲು ಮೌಳಂಗಿಗೆ ಬರುವ ಜನರನ್ನು ರೆಸಾರ್ಟಿನ ಗಾಡಿಯಲ್ಲಿ ಹೊತ್ತು ತಿರುಗುವುದೇ ಆಗಿದೆ. ನೀನು ಹಿತ್ತಲಲ್ಲಿ ಹಾಕಿ ಹೋದ ಮೆಂತ್ಯೆ ಬಲಿತು ಹೂ ಬಿಟ್ಟಿದೆ, ಯಾರೂ ಕೀಳಲಿಲ್ಲ. ದೀಪಾವಳಿಗೆ ಬರುತ್ತೀಯ ಎಂದುಕೊಂಡಿದ್ದೆ.

ಕೈಗೊಂದು ಫೋನ್ ಇರುವ ಕಾಲದಲ್ಲಿ ಈ ಮುದುಕನಿಗೆ ಟಪಾಲಿನ ಹುಚ್ಚು ಯಾಕೆ ಎಂದು ಮಗಳು ನಿರ್ಮಲಾ ಕೇಳಿಯಾಳು. ಅವಳ ಕೈಯಲ್ಲಿ ಇದನ್ನು ಓದಿಸಬೇಡ. ನೀನು ನಾಲ್ಕನೇ ಇಯತ್ತೆ ಓದಿದ್ದು ಸಾಕು. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ, ಚಾಳೀಸು ಹಾಕಿಕೊಂಡು ನೀನೇ ಓದು.

ಸುಶೀಲಾ, ನನಗೆ ಕಿವಿ ಕೇಳುವುದಿಲ್ಲ. ಎಡಗಿವಿ ಮಂದ ಎಂಬುದು ನಿನಗೂ ಗೊತ್ತು, ಊರಿಗೂ ಗೊತ್ತು. ಬಲಗಿವಿಯೂ ಹೋಗಿದೆ. ಯಾರಾದರೂ ಎದುರಿಗೆ ನಿಂತು ಜೋರಾಗಿ ಹೇಳಿದರೆ ಅಷ್ಟಿಷ್ಟು ತಿಳಿಯುತ್ತದೆ, ಅಷ್ಟೇ. ಇದು ನನಗೇ ಗೊತ್ತಾದದ್ದು ಕೊರೊನಾ ವರ್ಷದಲ್ಲಿ. ಎಲ್ಲರೂ ಬಾಯಿಗೆ ಮಾಸ್ಕ್ ಕಟ್ಟಿಕೊಂಡರು ನೋಡು, ಅವತ್ತೇ ನನ್ನ ಪಾಲಿಗೆ ಊರಿನ ಮಾತು ಬಂದ್ ಆಯಿತು. ಕಿರಾಣಿ ಅಂಗಡಿಯ ಗೂಳಪ್ಪ ಏನೋ ಹೇಳುತ್ತಾನೆ, ಅವನ ಕಣ್ಣು ಕಾಣುತ್ತದೆ, ಬಾಯಿ ಕಾಣುವುದಿಲ್ಲ, ನನಗೆ ಒಂದಕ್ಷರ ತಿಳಿಯುವುದಿಲ್ಲ. ಮೊದಲು ಮಾಸ್ಕಿಗೆ ಬೈದೆ. ಆಮೇಲೆ ಹೊಳೆಯಿತು, ಎಷ್ಟೋ ವರ್ಷದಿಂದ ನಾನು ಜನರ ತುಟಿ ನೋಡಿಯೇ ಕೇಳುತ್ತ ಬಂದಿದ್ದೆ. ಕಾಗದದ ಮಿಲ್ಲಿನ ಮಷೀನ್ ಹೌಸಿನಲ್ಲಿ ಮೂವತ್ನಾಲ್ಕು ವರ್ಷ ಕಲಿತ ವಿದ್ಯೆ ಅದು. ಅಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವ ಮಾತೇ ಇರಲಿಲ್ಲ, ತುಟಿ ಮತ್ತು ಕೈಸನ್ನೆ ಅಷ್ಟೇ. ಎರಡು ಬೆರಳು ಅಗಲಿಸಿ ತೋರಿಸಿದರೆ ಕಾಗದ ಹರಿಯಿತು ಎಂದು, ತಲೆಯ ಮೇಲೆ ಮುಷ್ಟಿ ಇಟ್ಟರೆ ಸಾಹೇಬರು ಬಂದರು ಎಂದು. ಕಿವಿಗೆ ಇಟ್ಟುಕೊಳ್ಳಲು ಬೆಣೆ ಕೊಟ್ಟಿದ್ದರು, ಹಾಕಿಕೊಳ್ಳಿ ಎಂದು ಬೈದೂ ಹೇಳಿದ್ದರು. ನಾನು ಅವನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ತಿರುಗಿದೆ. ಕಿವಿ ಮುಚ್ಚಿದರೆ ಮಷೀನಿನ ದನಿ ಬದಲಾದದ್ದು ತಿಳಿಯುವುದು ಹೇಗೆ? ಬೇರಿಂಗ್ ಕೆಡುವ ಮೊದಲೇ ಅದರ ದನಿ ಬೇರೆಯಾಗುತ್ತಿತ್ತು, "ಶಂಕ್ರಪ್ಪನ್ನ ಕರೀರಿ, ಅಂವ ಕಿವಿ ಕೊಟ್ಟ ಕೂಡ್ಲೆ ಹೇಳ್ತಾನ" ಎನ್ನುತ್ತಿದ್ದರು. ಆ ಸೊಕ್ಕಿಗೆ ಕಿವಿ ಹೋಯಿತು. ಬೇರೆ ಯಾರ ತಪ್ಪೂ ಅಲ್ಲ. ಅಂಥ ಶಂಕ್ರಪ್ಪ ಕಿವುಡನಾದ ಎಂದು ಯಾವ ಬಾಯಿಂದ ಹೇಳಲಿ?

ಹೇಳಲಿಲ್ಲ. ಗುಡಿಯ ಭಜನೆಗೆ ಹೋಗುವುದು ಬಿಟ್ಟೆ. ಫೋನ್ ಬಂದರೆ ಚಪ್ಪಲಿ ಮೆಟ್ಟಿ ಹೊರಗೆ ನಡೆಯುತ್ತಿದ್ದೆ. ರಿಟೈರಾದ ಮೇಲೆ ಶಂಕ್ರಪ್ಪನಿಗೆ ಬಿಗುಮಾನ ಬಂದಿದೆ ಎಂದು ಜನ ಆಡಿಕೊಂಡರಂತೆ, ಆಡಿಕೊಳ್ಳಲಿ ಎಂದು ಬಿಟ್ಟೆ. ಮನೆಯಲ್ಲಿ ನಾಲ್ಕು ಜನ ಕೂತರೆ ಮಾತು ನನ್ನ ತಲೆಯ ಮೇಲಿಂದ ಹಾದು ಹೋಗುತ್ತಿತ್ತು. ಈಗಿನವರು ಮಾತಾಡುವಾಗಲೂ ಮೊಬೈಲ್ ನೋಡುತ್ತಾರೆ, ತುಟಿಯೂ ಸಿಗುವುದಿಲ್ಲ. ಎಲ್ಲರೂ ನಕ್ಕರೆ ನಗುವುದು, ಸಪ್ಪಗಿದ್ದರೆ ಸಪ್ಪಗೆ ಕೂರುವುದು, ಇದನ್ನೇ ರೂಢಿ ಮಾಡಿಕೊಂಡೆ.

ಬನ್ನಿ ಹಬ್ಬದ ಮರುದಿನ ಆದದ್ದು ಅದೇ. ಉಮಾಶ್ರೀ ಒಲೆಯ ಕಡೆ ಮುಖ ಮಾಡಿ ಏನೋ ಹೇಳುತ್ತಿದ್ದಳು. ನಾನು ಬಾಳೇಶನ ಮುಖ ನೋಡಿದೆ, ಅವನು ನಗುತ್ತಿದ್ದ. ಸೊಸೆ ಏನೋ ಶುಭ ಸುದ್ದಿ ಹೇಳಿದಳೆಂದು ನಾನೂ ನಕ್ಕು "ಭಾಳ ಚಲೋ ಆತು ಬಿಡವಾ" ಎಂದೆ. ನೀನು ನನ್ನ ಎದುರಿಗೆ ಬಂದು ನಿಂತು ಕೂಗಿದ್ದು ಮಾತ್ರ ಚೆನ್ನಾಗಿ ಕೇಳಿತು. "ಅಕಿ ಅಪ್ಪ ಬಿದ್ದು ಟೊಂಕದ ಎಲುಬು ಮುರಕೊಂಡಾನಂತ, ಚಲೋ ಆತು ಅಂತೀರಿ? ಮನಷ್ಯಾರ ಅದೀರೇನ್ರಿ ನೀವು?" ಬಾಳೇಶ ನಗುತ್ತಿದ್ದದ್ದು ಮೊಬೈಲ್ ನೋಡಿ. ಅವನ ಕಿವಿಯಲ್ಲಿ ಆ ಬಿಳಿ ಗುಂಡಿ ಇತ್ತು, ಹೆಂಡತಿ ಹೇಳಿದ್ದು ಅವನಿಗೂ ಕೇಳಿರಲಿಲ್ಲ! ಆದರೆ ಅವನನ್ನು ಯಾರೂ ಬೈಯಲಿಲ್ಲ. ನನಗೆ ಕೇಳಲಿಲ್ಲ ಎಂದು ಆಗ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಕಿವುಡ ಎನ್ನಿಸಿಕೊಳ್ಳುವುದಕ್ಕಿಂತ ಕೆಟ್ಟವ ಎನ್ನಿಸಿಕೊಳ್ಳುವುದೇ ವಾಸಿ ಎನಿಸಿತು ನೋಡು, ಎಂಥ ಹೇಡಿ ನಾನು. ಮರುದಿನವೇ ನೀನು ಚೀಲ ತುಂಬಿಕೊಂಡೆ. "ನಿಮ್ಮ ಸಂಗಾಟ ಇದ್ದು ನನಗ ಸಾಕಾಗೇತಿ" ಎಂದದ್ದೂ ತಿಳಿಯಿತು, ಅದಕ್ಕೆ ತುಟಿ ನೋಡುವ ಅಗತ್ಯವೂ ಬೀಳಲಿಲ್ಲ.

ಪುಂಡಲೀಕ ಗೊತ್ತಲ್ಲ, ನನ್ನ ಪಾಳಿಯವ? ಅವನೂ ಕಿವುಡನೇ. ದಿನಾ ಸಂಜೆ ಚಹಾದಂಗಡಿಯಲ್ಲಿ ಕೂತು ಇಬ್ಬರೂ ಹಳೇ ಸನ್ನೆಯಲ್ಲೇ ಹರಟುತ್ತೇವೆ. ಮೊನ್ನೆ ರಾಫ್ಟಿಂಗಿಗೆ ಬಂದ ಯಾರೋ ಹುಡುಗರು ನಮ್ಮನ್ನು ಮೂಕರೆಂದು ತಿಳಿದು ಮರುಗಿ ಚಹಾ ಕೊಡಿಸಿದರು. ನಾವೂ ಸುಮ್ಮನೆ ಕುಡಿದೆವು. ನೀನು ಯಾಕೆ ಹೋದೆ ಎಂದು ಅವನಿಗೆ ತಿಳಿಸಿದಾಗ ಎರಡೂ ಕೈ ಎತ್ತಿ ಬೈದ, ಅಂಗಡಿಯವರೆಲ್ಲ ನಮ್ಮ ಕಡೆ ತಿರುಗಿದರು. ಅವನು ಬೈದ ಮೇಲೆ ಧೈರ್ಯ ಮಾಡಿ ಉಮಾಶ್ರೀಗೆ ಹೇಳಿದೆ. ಆ ಹುಡುಗಿ ಗ್ಯಾಸ್ ಆರಿಸಿ ನನ್ನೆದುರು ಬಂದು ನಿಂತಳು. "ಮೊದಲ ಹೇಳಬಾರದೇನ್ರಿ ಮಾವಾರ, ನಾ ನಿಮ್ಮನ್ನ ಎಷ್ಟ ಬೈಕೊಂಡೇನಿ" ಎಂದು ಅತ್ತುಬಿಟ್ಟಳು. ಮರುದಿನ ಇಬ್ಬರೂ ಹಳಿಯಾಳಕ್ಕೆ ಹೋಗಿ ಅವಳ ಅಪ್ಪನನ್ನು ನೋಡಿ ಬಂದೆವು. ಅವರದು ಮೊದಲೇ ಮೆತ್ತನೆಯ ದನಿ. ಎಂದಿನ ಹೂಂ ಬಾಯಿಗೆ ಬಂದಿತ್ತು, ನುಂಗಿಕೊಂಡೆ. "ಕೇಳಂಗಿಲ್ರಿ ಬೀಗರ, ಸ್ವಲ್ಪ ಜೋರ ಹೇಳ್ರಿ" ಎಂದೆ. ಅವರು ಕೂಗಿ ಕೂಗಿ ಹೇಳಿದರು. ಟೊಂಕ ಕೂಡಿಕೊಳ್ಳುತ್ತಿದೆಯಂತೆ, ಕೋಲು ಹಿಡಿದು ಎರಡು ಹೆಜ್ಜೆ ಇಡುತ್ತಾರಂತೆ. ಆಮೇಲೆ ಉಮಾಶ್ರೀಯೇ ನನ್ನನ್ನು ಧಾರವಾಡದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಕಿವಿಯ ಮಷೀನು ಹದಿನೈದು ದಿನದಲ್ಲಿ ಬರುತ್ತದೆ. ಪೂರಾ ಕೇಳುವುದಿಲ್ಲ, ಬಹಳಷ್ಟು ಕೇಳುತ್ತದೆ ಎಂದಿದ್ದಾರೆ. ಪುಂಡಲೀಕ ಮಾತ್ರ, ಅದನ್ನು ಹಾಕಿಕೊಂಡರೆ ಚಮಚ ಬಿದ್ದರೂ ತಗಡಿನ ಮಾಡು ಬಿದ್ದಷ್ಟು ಸಪ್ಪಳ ಎಂದು ಹೆದರಿಸುತ್ತಾನೆ.

ಅವರಿಗೆಲ್ಲ ಹೇಳಿದೆ. ನಿನಗೆ ಹೇಳುವುದೇ ಕಷ್ಟವಾಯಿತು. ನೀನು ಕೆಲಸ ಮಾಡುತ್ತ ಮಾತಾಡುವವಳು, ರೊಟ್ಟಿ ಬಡಿಯುತ್ತ, ನನಗೆ ಬೆನ್ನು ಹಾಕಿಕೊಂಡು. ನಾನು ಗೋಡೆಗೆ ಒರಗಿ ಕೂತಿರುತ್ತಿದ್ದೆ. ರೊಟ್ಟಿಯ ಸಪ್ಪಳ ಕೇಳುತ್ತಿರಲಿಲ್ಲ, ನಿನ್ನ ಮಾತೂ ಕೇಳುತ್ತಿರಲಿಲ್ಲ, ನಿನ್ನ ತೋಳು ಆಡುವುದು ಕಾಣುತ್ತಿತ್ತು. ನಡುನಡುವೆ ಹೂಂ ಎನ್ನುತ್ತಿದ್ದೆ. ಹೀಗೆ ಐದು ವರ್ಷ ಹೂಂ ಎಂದಿದ್ದೇನೆ. ನಿನ್ನ ತಂಗಿ ಯಲ್ಲವ್ವ ತೀರಿಕೊಂಡಾಗ ತಿಂಗಳುಗಟ್ಟಲೆ ಏನೇನೋ ಹೇಳಿಕೊಂಡೆಯಲ್ಲ, ಅದರಲ್ಲಿ ನನಗೆ ಮುಟ್ಟಿದ್ದು ನಾಲ್ಕಾಣೆಯಷ್ಟೂ ಇಲ್ಲ. ಇಷ್ಟು ದಿನ ಗೋಡೆಗೆ ಹೇಳಿದೆನಲ್ಲ ಎಂದು ನೀನು ನೊಂದುಕೊಳ್ಳಬಾರದೆಂದು ಮುಚ್ಚಿಟ್ಟೆ. ನಿನ್ನ ಮಾತು ನನಗೆ ಬೇಸರ ಎಂದು ನೀನು ತಿಳಿದಿದ್ದೀಯ. ಇಲ್ಲ ಸುಶೀಲಾ. ನೀನು ಏನು ಹೇಳಿದೆಯೋ ಎಂದು ಎಷ್ಟೋ ಸಲ ಒಬ್ಬನೇ ಕೂತು ಕಣ್ಣೀರು ಹಾಕಿದ್ದೇನೆ. ಯಲ್ಲವ್ವನ ಮಾತನ್ನಾದರೂ ಇನ್ನೊಮ್ಮೆ ಹೇಳು. ನನ್ನ ಕಡೆ ಮುಖ ಮಾಡಿ ಹೇಳು, ರೊಟ್ಟಿ ಆಮೇಲೆ ಬಡಿದರಾಯಿತು.

ನಿರ್ಮಲಾಗೆ, ಅಳಿಯಂದಿರಿಗೆ, ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು. ಹೆಂಡತಿಗೂ ಆಶೀರ್ವಾದ ಎಂದೇ ಬರೆಯಬೇಕೆಂದು ನಮ್ಮ ಅಪ್ಪ ಹೇಳಿಕೊಟ್ಟಿದ್ದ. ಇವತ್ತು ಅಷ್ಟು ದೊಡ್ಡವನಾಗಲು ಮನಸ್ಸಿಲ್ಲ. ಕಾಲಿಗೆ ಎಣ್ಣೆ ಹಚ್ಚಿಕೊ.

ಇಂತಿ ನಿನ್ನವ,
ಶಂಕ್ರಪ್ಪ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಮುಖ್ಯ ಮಾತು ಬರೆದೇ ಇಲ್ಲ. ಅವತ್ತು ಮುಂಡಗೋಡ ಬಸ್ಸು ಹೊರಡುವಾಗ ನೀನು ಕಿಟಕಿಯಿಂದ ಬಗ್ಗಿ ಏನೋ ಕೇಳಿದೆ. ಬಾಯಿಗೆ ಸೆರಗು ಹಿಡಿದಿದ್ದೆ, ತುಟಿ ಕಾಣಲಿಲ್ಲ. ನಾನು ಎಂದಿನಂತೆ ಹೂಂ ಎಂದು ಗೋಣು ಹಾಕಿದೆ. ನಿನ್ನ ಮುಖ ಬಾಡಿತು, ಒಳಗೆ ಸರಿದು ಕೂತೆ, ಮತ್ತೆ ಈ ಕಡೆ ನೋಡಲಿಲ್ಲ. ಅಂದಿನಿಂದ ಊಟ ಸೇರುತ್ತಿಲ್ಲ. "ನಾ ತಿರುಗಿ ಬರಬ್ಯಾಡೇನ್ರಿ?" ಎಂದು ಕೇಳಿದೆಯಾ? ಹಾಗೆ ಕೇಳಿದ್ದರೆ, ನನಗೆ ಅದು ಕೇಳಿಸಿರಲಿಲ್ಲ. ಬಾ ಸುಶೀಲಾ. ಬಂದುಬಿಡು.