ಆಸ್ಪತ್ರೆ ವ್ಯಾನಿನ ನೀಲಿ ಹೊಗೆ

ಭಾನುವಾರ, ಫೆಬ್ರವರಿ ೧೧

ನಮ್ಮ ಗಾಡಿ ರಿಪೇರಿ ಶೆಡ್ಡಿನ ಚಿಕ್ಕ ಮೇಸ್ತ್ರಿಯಾದ ಸೊಸೆಗೆ, ನಿನ್ನ ಮಾವ ಮಾಡುವ ಆಶೀರ್ವಾದಗಳು.

ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಅತ್ತೆಯ ಮಂಡಿನೋವು ಇದ್ದ ಹಾಗೇ ಇದೆ, ಬಾಯಿಯೂ ಇದ್ದ ಹಾಗೇ ಇದೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಕೋಪ ಮಾಡಿಕೊಳ್ಳಬೇಡ. ಇಲ್ಲಿ ಒಂದು ವ್ಯಾನು ನನ್ನ ನಿದ್ದೆ, ಊಟ ಎರಡನ್ನೂ ತಿಂದು ಹಾಕಿತ್ತು. ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ? ನಿನ್ನ ಅತ್ತೆಗೆ ಹೇಳಿದರೆ, "ಆ ಗಾಡಿ ಕಥೆ ಗಾಡಿಗೇ ಹೇಳಿ" ಎನ್ನುತ್ತಾಳೆ.

ಗುಡ್ಡದ ಮೇಲಿನ ಚಿಕ್ಕ ಆಸ್ಪತ್ರೆಯ ವ್ಯಾನು ನಿನಗೆ ಗೊತ್ತಲ್ಲ, ರೋಗಿಗಳನ್ನು ಪಟ್ಟಣದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುವ ಆ ಹಳೇ ಡೀಸೆಲ್ ಗಾಡಿ. ಅದನ್ನು ಓಡಿಸುವವನು ಈಗಲೂ ಊರೆಲ್ಲ ಗಡಿಬಿಡಿ ಎಂದು ಕರೆಯುವ ಅವನೇ. ನಿನ್ನ ಗಂಡನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು, ನನ್ನ ಮಗ ತೀರಿಕೊಂಡ ದಿನ ನಮ್ಮೆಲ್ಲರಿಗಿಂತ ಜೋರಾಗಿ ಅತ್ತವನು. ಮೊನ್ನೆಯದಲ್ಲ, ಅದರ ಹಿಂದಿನ ಶುಕ್ರವಾರ ಅವನು ಗಾಡಿಯನ್ನು ಶೆಡ್ಡಿಗೆ ತಂದು ನಿಲ್ಲಿಸಿದಾಗ ಹಿಂದಿನ ಬೀದಿಯೇ ಕಾಣುತ್ತಿರಲಿಲ್ಲ. ಹೊಗೆ. ಡೀಸೆಲ್ ಹೆಚ್ಚಾದಾಗ ಬರುವ ಕರಿ ಹೊಗೆಯಲ್ಲ, ನೀರು ಸೇರಿದಾಗ ಬರುವ ಬಿಳಿಯದೂ ಅಲ್ಲ. ನೀಲಿ. ಮೂಗಿಗೆ ಅಂಟಿಕೊಳ್ಳುವ, ಆಯಿಲ್ ಸುಟ್ಟ ಹೊಗೆ.

"ಗಟ್ಟಿ ಆಯಿಲ್ ಹಾಕಿ ಕಳಿಸ್ಬಿಡಿ ಮೇಸ್ತ್ರಿ, ಮಂಗಳವಾರ ಟೀಚರಮ್ಮನ ಕರ್ಕೊಂಡು ಹೋಗ್ಬೇಕು" ಎಂದ.

ಟೀಚರಮ್ಮ ಎಂದರೆ ಮೇಲಿನ ಬೀದಿಯ ನಿವೃತ್ತ ಟೀಚರು. ಅವರ ಎರಡು ಮೂತ್ರಪಿಂಡಗಳೂ ಕೆಲಸ ನಿಲ್ಲಿಸಿವೆ. ವಾರಕ್ಕೆ ಎರಡು ಸಲ ಪಟ್ಟಣಕ್ಕೆ ಹೋಗಿ ಯಂತ್ರಕ್ಕೆ ಮೈಕೊಟ್ಟು ರಕ್ತ ಶುದ್ಧ ಮಾಡಿಸಿಕೊಂಡು ಬರಬೇಕು. ಒಂದು ಸಲ ತಪ್ಪಿದರೆ ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ. ಆ ದಾರಿಗೆ ಬಸ್ಸಿಲ್ಲ. ಬೇರೆ ಗಾಡಿ ಕೇಳಿ ನೋಡು ಎಂದೆ. ಆಸ್ಪತ್ರೆಯ ನರ್ಸಮ್ಮ ಎಲ್ಲ ಕಡೆ ಫೋನ್ ಮಾಡಿ ಸೋತಿದ್ದರು.

ನಾನು ಗಾಡಿಯ ಸುತ್ತ ಒಂದು ಸುತ್ತು ಬಂದು, ಪಿಸ್ಟನ್ ರಿಂಗು ಸವೆದಿದೆ, ಇಂಜಿನ್ ಬಿಚ್ಚಬೇಕು ಎಂದುಬಿಟ್ಟೆ. ಹಳೇ ಇಂಜಿನ್, ನೀಲಿ ಹೊಗೆ, ಇನ್ನೇನಿರುತ್ತದೆ? ಇಂಜಿನ್ ಬಿಚ್ಚಿದರೆ ಮಂಗಳವಾರದ ಮಾತಿರಲಿ, ಮುಂದಿನ ತಿಂಗಳಿಗೂ ಗಾಡಿ ಎದ್ದು ನಿಲ್ಲುವುದಿಲ್ಲ. ಗಡಿಬಿಡಿಯ ಮುಖ ಕಪ್ಪಿಟ್ಟಿತು.

"ನಿಮ್ಮ ಮಗ ಇದ್ದಿದ್ರೆ ಹೀಗೆ ಕೈ ಚೆಲ್ತಿರ್ಲಿಲ್ಲ" ಎಂದ.

ಅವನು ಬೇಕೆಂದು ಹೇಳಿದ್ದಲ್ಲ, ಬಾಯಿಂದ ಜಾರಿತು. ಆಮೇಲೆ ನಾನು ಅವನ ಕೈಗೆ ಟಾರ್ಚು ಕೊಟ್ಟು, "ಬಾಯಿ ಮುಚ್ಕೊಂಡು ಇದನ್ನ ಹಿಡ್ಕೋ" ಎಂದೆ.

ಬಾನೆಟ್ಟಿನೊಳಗೆ ತಲೆ ಹಾಕಿದಾಗ ನಿನ್ನ ನೆನಪು ಬಂತು. ನನ್ನ ಜೊತೆ ಇಲ್ಲಿ ಕೆಲಸ ಮಾಡುತ್ತಿದ್ದಾಗ ಹೊಗೆ ಕಂಡ ಕೂಡಲೇ ನೀನು ನಟ್ಟು ಬಿಚ್ಚುವ ಪಾನಾ ಮುಟ್ಟುತ್ತಿರಲಿಲ್ಲ. "ಯಾವಾಗ ಬರುತ್ತೆ ಅಂತ ಕೇಳಿದ್ರಾ ಮಾವ?" ಎಂದು ನನ್ನ ಜೀವ ತಿನ್ನುತ್ತಿದ್ದೆ. ಸರಿ, ಕೇಳಿದೆ.

"ಯಾವಾಗ್ಲೂ ಬರುತ್ತೆ."

"ಯಾವಾಗ್ಲೂ ಅಂದ್ರೆ ಉತ್ತರ ಅಲ್ಲ ಕಣೋ. ಬೆಳಿಗ್ಗೆ ಸ್ಟಾರ್ಟ್ ಮಾಡ್ದಾಗ?"

ಅವನು ಯೋಚಿಸಿದ. "ಬೆಳಿಗ್ಗೆ ಅಷ್ಟಿಲ್ಲ. ಗುಡ್ಡ ಹತ್ತುವಾಗ್ಲೂ ಅಷ್ಟಿಲ್ಲ. ರೈಲ್ವೆ ಗೇಟಲ್ಲಿ ಇಂಜಿನ್ ಆಫ್ ಮಾಡ್ದೇನೇ ಕಾಯ್ತೀನಲ್ಲ, ಗೇಟು ತೆಗೆದ ಮೇಲೆ ಒತ್ತಿದ್ರೆ, ಅಯ್ಯೋ, ಹಿಂದಿನವರು ಹಾರನ್ ಹೊಡೆದು ಬೈತಾರೆ."

ರಿಂಗು ಸವೆದಿದ್ದರೆ ಗುಡ್ಡ ಹತ್ತುವಾಗಲೇ ಹೆಚ್ಚು ಹೊಗೆ ಬರಬೇಕಿತ್ತು. ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಹಿಡಿದೆ. ಉಬ್ಬಸದ ಉಸಿರೇನೂ ಬರಲಿಲ್ಲ. ಆಮೇಲೆ ಒಂದೊಂದೇ ಸಿಲಿಂಡರಿನ ಒತ್ತಡ ಅಳೆದೆ. ನಾಲ್ಕೂ ಅಣ್ಣತಮ್ಮಂದಿರ ಹಾಗೆ ಹೆಚ್ಚು ಕಡಿಮೆ ಒಂದೇ ಸಮ ಇದ್ದವು. ಇಂಜಿನ್ನಿನ ಎದೆ ಗಟ್ಟಿಯಾಗಿದೆ. ಹಾಗಾದರೆ ಆಯಿಲ್ ಇನ್ನೆಲ್ಲಿಂದ ನುಗ್ಗುತ್ತಿದೆ? ಗಾಳಿ ಊದುವ ಟರ್ಬೊದಿಂದ ಇಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಪೈಪು ಬಿಚ್ಚಿದೆ. ಒಳಗೆ ಬೆರಳಿಟ್ಟರೆ ಮಣಿಕಟ್ಟಿನವರೆಗೆ ಆಯಿಲ್!

ಸಂತೋಷಕ್ಕೆ ನಿನ್ನನ್ನು ಕೂಗಿ ಕರೆಯಲು ಬಾಯಿ ತೆರೆದಿದ್ದೆ. ಅಭ್ಯಾಸ, ಏನು ಮಾಡಲಿ.

ಆ ಸಂತೋಷದಲ್ಲೇ ಎಡವಟ್ಟು ಮಾಡಿಕೊಂಡೆ. ಪೈಪನ್ನು ಮತ್ತೆ ಸಿಕ್ಕಿಸಿ, ಕ್ಲಿಪ್ಪನ್ನು ಅರ್ಧಂಬರ್ಧ ಬಿಗಿದು, "ಸ್ಟಾರ್ಟ್ ಮಾಡಿ ಒಂದ್ಸಲ ಜೋರಾಗಿ ಒತ್ತು, ಎಷ್ಟು ಹೊಗೆ ಬರುತ್ತೆ ನೋಡೋಣ" ಎಂದೆ. ಆಯಿಲ್ ಕಡಿಮೆಯಾಗುತ್ತಿದೆಯೆಂದು ಆ ಮಹಾರಾಯ ಆ ದಿನ ಬೆಳಿಗ್ಗೆ ಇಡೀ ಡಬ್ಬ ಸುರಿದಿದ್ದ. ನನಗೆ ಹೇಳಿರಲಿಲ್ಲ. ನಾನೂ ಆಯಿಲ್ ಅಳೆಯುವ ಕಡ್ಡಿ ಎತ್ತಿ ನೋಡಲಿಲ್ಲ.

ಅವನು ಒತ್ತಿದ. ಇಂಜಿನ್ ಕೂಗಿತು. ಅವನು ಕಾಲು ತೆಗೆದ. ಕೂಗು ಇಳಿಯಲಿಲ್ಲ, ಏರಿತು.

"ಆಫ್ ಮಾಡೋ!"

"ಮಾಡಿದೀನಿ ಮೇಸ್ತ್ರಿ! ಕೀಲಿ ಕೈಯಲ್ಲೇ ಇದೆ!"

ನಿಜವಾಗಿಯೂ ಕೀಲಿ ಅವನ ಕೈಯಲ್ಲೇ ಇತ್ತು. ಡೀಸೆಲ್ ನಿಂತು ಹೋಗಿದೆ, ಆದರೆ ಇಂಜಿನ್ ತನ್ನದೇ ಆಯಿಲ್ಲನ್ನು ಕುಡಿದು ಓಡುತ್ತಿದೆ. ಇಂಥದ್ದನ್ನು ನಾನು ಕೇಳಿದ್ದೆ, ಇಷ್ಟು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಆ ಸದ್ದನ್ನು ಹೇಗೆ ಬರೆಯಲಿ? ಗಾಡಿ ಇಡಿಯಾಗಿ ನಡುಗುತ್ತಿತ್ತು, ಗೋಡೆಗೆ ನೇತುಹಾಕಿದ ಪಾನಾಗಳು ಒಂದೊಂದಾಗಿ ಉದುರುತ್ತಿದ್ದವು, ಹೊಗೆಯಲ್ಲಿ ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ಹಾಗೇ ಬಿಟ್ಟರೆ ಇಂಜಿನ್ ಒಡೆದು ಕಬ್ಬಿಣದ ಚೂರುಗಳು ಗುಂಡಿನ ಹಾಗೆ ಹಾರುತ್ತವೆ. ಗಡಿಬಿಡಿ ಸೀಟಿನಿಂದ ಹಾರಿ ಹೊರಗೋಡಿದ. ನನ್ನ ಕಾಲೂ ಬಾಗಿಲ ಕಡೆಗೇ ತಿರುಗಿತ್ತು. ಅಷ್ಟರಲ್ಲಿ ಹೊಗೆಯ ಆಚೆ ನಿನ್ನ ಅತ್ತೆಯ ಕೂಗು ಕೇಳಿಸಿತು. ಸದ್ದಿಗೆ ಹೆದರಿ ಹಿಂದಿನ ಮನೆಯಿಂದ ಓಡಿ ಬಂದವಳು ನನ್ನನ್ನು ಹುಡುಕುತ್ತಾ ಒಳಗೇ ಬರುತ್ತಿದ್ದಳು. ಆ ಮಂಡಿಯಲ್ಲಿ ಹೇಗೆ ಓಡಿದಳೋ.

ಇನ್ನು ಹೊರಗೋಡುವ ಮಾತೆಲ್ಲಿ. ಡೀಸೆಲ್ ಇಂಜಿನ್ನಿಗೆ ಗಾಳಿ ಇಲ್ಲದಿದ್ದರೆ ಉಸಿರಿಲ್ಲ ಎಂಬುದೊಂದೇ ತಲೆಯಲ್ಲಿ ಉಳಿದಿತ್ತು. ಅರ್ಧ ಬಿಗಿದಿದ್ದ ಪೈಪನ್ನು ಕಿತ್ತು ಎಸೆದೆ. ಇಂಜಿನ್ನಿನ ಬಾಯಿ ತೆರೆದುಕೊಂಡಿತು. ಕೈ ಇಟ್ಟರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಜಾಕಿನ ಕೆಳಗಿಡುವ ಹಲಗೆ ಕಾಲಿಗೆ ತಗುಲಿತು, ಎತ್ತಿ ಆ ಬಾಯಿಗೆ ಒತ್ತಿದೆ, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದೆ. ಹಲಗೆ ಗಪ್ಪನೆ ಕಚ್ಚಿಕೊಂಡಿತು. ಇಂಜಿನ್ ಕೆಮ್ಮಿತು, ಒಮ್ಮೆ ಒದ್ದಾಡಿತು, ನಿಂತಿತು.

ನಿನ್ನ ಅತ್ತೆ ಹೊಗೆಯೊಳಗಿಂದ ಬಂದು ನನ್ನ ಎರಡು ಕೈಗಳನ್ನೂ ಹಿಡಿದು, ಬೆರಳುಗಳೆಲ್ಲ ಇವೆಯೇ ಎಂದು ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ಹೇಳಿದಳು: "ಇನ್ನೊಂದ್ಸಲ ಹೀಗೆ ಮಾಡಿದ್ರೆ ಗಾಡಿಯಲ್ಲ, ನಿಮ್ಮನ್ನೇ ಆಫ್ ಮಾಡ್ತೀನಿ." ಗಡಿಬಿಡಿ ಬಾಗಿಲಲ್ಲಿ ಕೂತು ಹೊಗೆಗೆ ಕೆಮ್ಮುತ್ತಿದ್ದ.

ಇಂಜಿನ್ನಿಗೆ ದೊಡ್ಡ ಪೆಟ್ಟೇನೂ ಆಗಿರಲಿಲ್ಲ, ನಮ್ಮ ಪುಣ್ಯ. ಮರುದಿನ ಟರ್ಬೊ ಕಳಚಿದೆ. ಅದರ ಒಳಗಿನ ಅಚ್ಚು ಬೆರಳಿನಲ್ಲಿ ಅಲ್ಲಾಡಿಸಿದರೆ ಅಲ್ಲಾಡಲಿಲ್ಲ, ಹೊಸದರ ಹಾಗಿತ್ತು. ತೊಂದರೆ ಇದ್ದದ್ದು ಅದರ ಕೆಳಗೆ. ಟರ್ಬೊಗೆ ಹೋದ ಆಯಿಲ್ ವಾಪಸ್ ಇಂಜಿನ್ನಿಗೆ ಇಳಿಯುವ ಸಣ್ಣ ಕೊಳವೆ ಮಸಿ ಕಟ್ಟಿ ಗಟ್ಟಿಯಾಗಿ ಮುಚ್ಚಿಹೋಗಿತ್ತು. ಇಳಿಯಲು ದಾರಿಯಿಲ್ಲದ ಆಯಿಲ್ ಪಕ್ಕದ ಸಂದಿಯಿಂದ ಗಾಳಿಯ ಪೈಪಿಗೆ ನುಗ್ಗುತ್ತಿತ್ತು. ಗೇಟಿನಲ್ಲಿ ಕಾಯುವಾಗ ಅಲ್ಲೇ ಶೇಖರವಾಗಿ, ಒತ್ತಿದ ಕೂಡಲೇ ಸುಡುತ್ತಿತ್ತು. ಒಂದು ತಂತಿ, ಒಂದು ಬಟ್ಟಲು ಸೀಮೆಎಣ್ಣೆ, ಅರ್ಧ ದಿನದ ಉಜ್ಜಾಟ. ಇಷ್ಟಕ್ಕಾಗಿ ನಾನು ಇಡೀ ಇಂಜಿನ್ ಬಿಚ್ಚುತ್ತಿದ್ದೆ ನೋಡು.

ಜೋಡಿಸುವಾಗ ಬಿಗಿತ ಅಳೆದು ಟಕ್ ಎನ್ನುವ ನಿನ್ನ ಟಾರ್ಕ್ ರೆಂಚು ತೆಗೆದುಕೊಂಡೆ. ನಗಬೇಡ. ಜೀವಮಾನವಿಡೀ ಕೈಯಳತೆಯಲ್ಲೇ ಬಿಗಿದವನು ನಾನು, ನಿನ್ನ ರೆಂಚನ್ನು ಗಿಳಿಶಾಸ್ತ್ರ ಎಂದು ಆಡಿಕೊಂಡವನು. ಆದರೆ ಆ ಕೊಳವೆಯ ಬೋಲ್ಟು ಕೂರುವ ಜಾಗ ಅಲ್ಯುಮಿನಿಯಂ. ಹೆಚ್ಚು ಬಿಗಿದರೆ ಬೋಲ್ಟನ್ನು ಹಿಡಿಯುವ ಸುರುಳಿ ಮರೆ ಕಿತ್ತು ಬರುತ್ತದೆ. ಸಡಿಲ ಬಿಟ್ಟರೆ ಕಾದ ಸೈಲೆನ್ಸರಿನ ಮೇಲೆ ಆಯಿಲ್ ಸೋರಿ, ಟೀಚರಮ್ಮ ಒಳಗೆ ಮಲಗಿರುವಾಗಲೇ ಬೆಂಕಿ ಹತ್ತುತ್ತದೆ. ಹಿಂದಿನ ದಿನದ ಆ ಕೂಗು ಇನ್ನೂ ಕಿವಿಯಲ್ಲಿತ್ತು, ನನ್ನ ಕೈಯನ್ನು ನಾನು ನಂಬುವ ಸ್ಥಿತಿಯಲ್ಲಿರಲಿಲ್ಲ.

ರೆಂಚು ನೋಡಿದರೆ ಅದರ ಹಿಡಿ ಕೊನೆಯ ಗೆರೆಯವರೆಗೆ ತಿರುಗಿಸಿದ ಹಾಗೇ ಇದೆ! ಗಡಿಬಿಡಿ ಚಕ್ರದ ನಟ್ಟು ಬಿಗಿಯಲೆಂದು ಒಯ್ದವನು ಹಾಗೇ ತಂದು ನೇತುಹಾಕಿದ್ದಾನೆ. ಕೆಲಸ ಮುಗಿದ ಮೇಲೆ ಸ್ಪ್ರಿಂಗನ್ನು ಸಡಿಲ ಬಿಡದಿದ್ದರೆ ಅದು ಸೋತು ಸುಳ್ಳು ಹೇಳುತ್ತದೆಂದು ನೀನು ಎಷ್ಟು ಸಲ ಬಡಿದುಕೊಂಡಿದ್ದೆ. ಅದಕ್ಕೆ ನೀನು ಮಾಡುತ್ತಿದ್ದ ಹಾಗೇ ಪರೀಕ್ಷೆ ಮಾಡಿದೆ. ರೆಂಚಿನ ತಲೆಯನ್ನು ವೈಸಿನ ಇಕ್ಕಳಕ್ಕೆ ಕಚ್ಚಿಸಿ ಅಡ್ಡ ಮಲಗಿಸಿ, ಅಂಗಡಿಯವನ ತೂಕದ ಕಲ್ಲು ತಂದು ಟೇಪು ಹಿಡಿದು ಅಳೆದ ಜಾಗದಲ್ಲಿ ತೂಗುಬಿಟ್ಟೆ. ಆಡಬೇಕಾದ್ದಕ್ಕಿಂತ ಮೊದಲೇ "ಟಕ್" ಎಂದಿತು. ಎಷ್ಟು ಮೊದಲು ಎಂದು ಕಲ್ಲು ಬದಲಿಸಿ ಬದಲಿಸಿ ನೋಡಿ, ಆ ವ್ಯತ್ಯಾಸ ಸೇರಿಸಿ ಗೆರೆ ಕೂಡಿಸಿದೆ. ಬೋಲ್ಟು ಬಿಗಿಯುವಾಗ ನನ್ನ ಕೈ ಸಾಕು ಎಂದಿತು, ರೆಂಚು ಇನ್ನೂ ಎಂದಿತು. ರೆಂಚಿನ ಮಾತು ಕೇಳಿದೆ. ಟಕ್. ಮರೆ ಕಿತ್ತು ಬರಲಿಲ್ಲ. ಹಣೆಯ ಬೆವರು ಬೋಲ್ಟಿನ ಮೇಲೇ ಬಿತ್ತು.

ಮಂಗಳವಾರ ನಾನೂ ವ್ಯಾನಿನಲ್ಲಿ ಹೋದೆ. ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಹೋದೆ. ಹಿಂದೆ ನರ್ಸಮ್ಮ, ಟೀಚರಮ್ಮ. ಪಾಪ, ಅವರ ಮುಖ ಆಗಲೇ ಊದಿತ್ತು, ಮಾತಿಗೊಮ್ಮೆ ಉಸಿರು ಹುಡುಕುತ್ತಿದ್ದರು. ಆದರೂ ಟೀಚರು ಟೀಚರೇ. "ಏನ್ರೀ ಅದು... ಪಾಟಿ ತಂದಿದ್ದೀರಾ? ಮಗ್ಗಿ ಹೇಳಿಸ್ಲಾ?" ಎಂದರು.

ಗುಡ್ಡ ಇಳಿದೆವು. ಹೊಗೆ ಇಲ್ಲ. ರೈಲ್ವೆ ಗೇಟು ಮುಚ್ಚಿತ್ತು. ಇಂಜಿನ್ ಆಫ್ ಮಾಡಲು ಗಡಿಬಿಡಿ ಕೈ ಹಾಕಿದ, ನಾನು ತಡೆದೆ. ಪರೀಕ್ಷೆ ಆಗುವುದಾದರೆ ಇಲ್ಲೇ ಆಗಲಿ. ಗೂಡ್ಸು ರೈಲು ಮುಗಿಯುವುದೇ ಇಲ್ಲ ಎನ್ನುವ ಹಾಗೆ ಹೋಯಿತು. ಹಿಂದೆ ಟೀಚರಮ್ಮನ ಉಸಿರು ಸೀಳುತ್ತಿತ್ತು, "ಕಣ್ಮುಚ್ಬೇಡಿ, ನನ್ನ ನೋಡಿ" ಎಂದು ನರ್ಸಮ್ಮ ಹೇಳುತ್ತಲೇ ಇದ್ದರು. ಗೇಟು ಎದ್ದಿತು.

"ಒತ್ತು."

ಅವನು ಒತ್ತಿದ. ಕನ್ನಡಿಯಲ್ಲಿ ನೀಲಿಯ ಒಂದು ಎಳೆ ಎದ್ದಿತು. ಗಡಿಬಿಡಿಯ ಕಾಲು ಹಿಂದಕ್ಕೆ ಬಂತು, ನನ್ನ ಕೈ ಹಲಗೆಯನ್ನು ಹಿಡಿಯಿತು.

"ನಿಲ್ಲಿಸ್ಲಾ ಮೇಸ್ತ್ರಿ?"

ನಿಲ್ಲಿಸಿದರೆ ಟೀಚರಮ್ಮ ತಲುಪುವುದಿಲ್ಲ. ನಿಲ್ಲಿಸದಿದ್ದರೆ? ಪೈಪು ಎಷ್ಟು ಒರೆಸಿದರೂ ಹಳೆಯ ಜಿಡ್ಡು ಸ್ವಲ್ಪ ಉಳಿದಿರುತ್ತದೆ. ಅದೇ ಇರಬೇಕು, ಅದೇ ಆಗಿರಲಿ ಎಂದುಕೊಂಡೆ. "ಹೋಗ್ಲಿ ಬಿಡು, ಒತ್ತು" ಎಂದೆ. ತಿರುವು ಬರುವವರೆಗೆ ಕನ್ನಡಿಯಿಂದ ಕಣ್ಣು ಕೀಳಲಿಲ್ಲ. ಎಳೆ ತೆಳುವಾಯಿತು, ಕರಗಿತು. ಹಿಂದಿನ ರಸ್ತೆ ಅಂಚಿನಿಂದ ಅಂಚಿನವರೆಗೆ ಕಂಡಿತು. ಗಡಿಬಿಡಿ ಕಣ್ಣೊರೆಸಿಕೊಳ್ಳುತ್ತಲೇ ಗಾಡಿ ಓಡಿಸಿದ, ನಾನು ಏನೂ ಕಾಣದವನ ಹಾಗೆ ಕೂತೆ.

ಟೀಚರಮ್ಮ ಸಂಜೆ ವಾಪಸ್ ಬರುವಾಗ ದಾರಿಯುದ್ದಕ್ಕೂ ನಿದ್ದೆ ಹೋದರು. ಮೊನ್ನೆ ಶುಕ್ರವಾರ ಶೆಡ್ಡಿನ ಮುಂದೆ ವ್ಯಾನು ಹೋದಾಗ ಕಿಟಕಿಯಿಂದ ಕೈಬೀಸಿದರು.

ನಿನ್ನ ಕೆಲಸ ಚೆನ್ನಾಗಿ ನಡೆಯಲಿ. ಆ ದೊಡ್ಡ ವರ್ಕ್‌ಶಾಪಿನಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡು, ಕೈಗೆ ಗ್ರೀಸು ಮೆತ್ತಿದೆಯೆಂದು ನೆಪ ಹೇಳಬೇಡ. ನಿನ್ನ ಅತ್ತೆ ನಿನಗೊಂದು ಸ್ವೆಟರ್ ಹೆಣೆಯುತ್ತಿದ್ದಾಳೆ. ಒಂದು ತೋಳು ಉದ್ದ ಬಂದಿದೆ, ಸಿಕ್ಕಾಗ ಏನೂ ಅನ್ನಬೇಡ. ನೂರು ಕಾಲ ಸುಖವಾಗಿರು ತಾಯಿ.

ಇತಿ,
ನಿನ್ನ ಮಾವ

ಇನ್ನೊಂದು ಮಾತು: ಇಷ್ಟು ಉದ್ದ ಬರೆದರೂ ನೀನು ಕೇಳಿದ್ದಕ್ಕೆ ಉತ್ತರ ಬರೆಯಲಿಲ್ಲ. ವ್ಯಾನು ಶೆಡ್ಡಿಗೆ ಬರುವ ಎಷ್ಟೋ ಮೊದಲೇ ನಿನ್ನ ಕಾಗದ ಬಂದಿತ್ತು. ನಿನ್ನ ಜೊತೆ ಕೆಲಸ ಮಾಡುವ ಪೇಂಟರು ನಿನ್ನನ್ನು ಮದುವೆಯಾಗಲು ಕೇಳಿದ್ದಾರೆ, ನಿನಗೂ ಮನಸ್ಸಿದೆ, ನಾವು ಒಪ್ಪಿದರೆ ಮಾತ್ರ ಎಂದು ಬರೆದಿದ್ದೆ. ನಿನ್ನ ಅತ್ತೆ ಓದಿದ ಕೂಡಲೇ "ಆಗ್ಲಿ, ಮಗು ಸುಖವಾಗಿರ್ಲಿ" ಎಂದು ಹೇಳಿ ಒಳಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಇನ್ನೊಮ್ಮೆ ತೊಳೆದಳು. ನನಗೂ ಸಂತೋಷವೇ, ನಿನ್ನಾಣೆಗೂ ಸಂತೋಷವೇ. ನನ್ನನ್ನು ಕಟ್ಟಿಹಾಕಿದ್ದು ನಿನ್ನ ಕೊನೆಯ ಸಾಲು. "ಇನ್ನು ಮುಂದೆ ನಿಮ್ಮನ್ನು ಏನಂತ ಕರೀಲಿ?" ಎಂದು ಕೇಳಿದ್ದೆಯಲ್ಲ. ಮಗ ಹೋದ ಮೇಲೆ ನನ್ನನ್ನು ಅಪ್ಪ ಎನ್ನುವವರಿಲ್ಲ. ಊರಿಗೆಲ್ಲ ನಾನು ಮೇಸ್ತ್ರಿ. ಮಾವ ಎಂದು ಕರೆಯುವವಳು ನೀನೊಬ್ಬಳೇ. ಆ ಮನೆಯವರಿಗೆ ಬೇಸರವಾಗದಿದ್ದರೆ ಹಾಗೇ ಕರೆ. ಯಾರಾದರೂ ಯಾರಿವರು ಎಂದು ಕೇಳಿದರೆ ಸೋದರಮಾವ, ಅಮ್ಮನ ತಮ್ಮ ಎಂದು ಹೇಳಿಬಿಡು. ಅವನನ್ನೂ ಮಾವ ಎಂದೇ ಅಲ್ಲವೇ ಕರೆಯುವುದು.