ದೋಣಿಯ ಅಂಚಿನ ಕೈ

ಮಾರ್ಚ್ 4, ಊಟದ ಬಿಡುವು

ಮತ್ತೆ ಕದ್ದು ಓದಿದೆ. ಲ್ಯಾಬಿನಲ್ಲಿ, ಹಲ್ಲಿನ ಅಚ್ಚುಗಳನ್ನು ಒಣಗಿಸುವ ಕಪಾಟಿನ ಹಿಂದೆ ನಿಂತು. ನಾಲ್ಕನೇ ಭಾಗ ಅರ್ಧ ಮುಗಿಯಿತು. ಅಕ್ಕನ ಜೊತೆ ಇನ್ನೂ ಮೂರನೆಯದರಲ್ಲೇ ಇದ್ದೇನೆ.

ಚಿಕ್ಕಂದಿನಿಂದ ನಮ್ಮದೊಂದು ನಿಯಮ. ಒಂದೇ ಪುಸ್ತಕ, ಇಬ್ಬರೂ ಒಟ್ಟಿಗೆ, ಯಾರೂ ಮುಂದೆ ಹೋಗುವ ಹಾಗಿಲ್ಲ. ಪುಟ ಮೊದಲು ಮುಗಿಸಿದವಳು ಮೂಲೆಯ ಮೇಲೆ ಬೆರಳಿಟ್ಟು ಕಾಯಬೇಕು. ಯಾವಾಗಲೂ ಕಾದವಳು ಅಕ್ಕನೇ. ಈಗ ಅವಳು ಕವುಚಿ ಮಲಗಿರುವ ಹೊತ್ತಿನಲ್ಲಿ ನಾನು ಓಡುತ್ತಿದ್ದೇನೆ. ನಾಚಿಕೆಗೇಡು.

ಲ್ಯಾಬಿನ ಯಜಮಾನರು ನೋಡಿಬಿಟ್ಟರು. "ಈ ವಯಸ್ಸಿಗೆ ಕಾಮಿಕ್ಸಾ?"

"ಗ್ರಾಫಿಕ್ ನಾವೆಲ್ ಸರ್."

"ರಟ್ಟು ದಪ್ಪ ಇದ್ರೆ ಹಾಗಂತಾರಾ?" ಅಂದು ಹೋದರು. ಪುಸ್ತಕ ಚೀಲಕ್ಕೆ ತುರುಕಿದೆ. ಬಾಯಲ್ಲಿ ಅನ್ನ ಬೇರೆ ಇತ್ತು.

ಮಾರ್ಚ್ 6, ಸಂಜೆ

ಅಕ್ಕನ ಕಣ್ಣೊಳಗೆ ಗ್ಯಾಸಿನ ಗುಳ್ಳೆ ಬಿಟ್ಟಿದ್ದಾರೆ. ಕಣ್ಣಿನ ಹಿಂಭಾಗದಲ್ಲಿ ಕಿತ್ತು ಬಂದ ರೆಟಿನಾ ಪರದೆಯನ್ನು ಅದು ಒತ್ತಿ ಹಿಡಿಯಬೇಕು, ಅದಕ್ಕೇ ಮುಖ ಸದಾ ನೆಲದ ಕಡೆ. ಇನ್ನೊಂದು ಕಣ್ಣು ಹುಟ್ಟಿದಾಗಿನಿಂದ ಮೈಗಳ್ಳ. ಬೆಳಕು, ನೆರಳು, ಅಷ್ಟೇ. ಈ ಒಂದು ಕಣ್ಣಿಟ್ಟುಕೊಂಡೇ ಇಷ್ಟು ವರ್ಷ ಅಂಗಡಿಗಳ ಬೋರ್ಡು ಬರೆದಳು. ಇದೂ ಹೋದರೆ... ಬರೆಯುವುದಿಲ್ಲ.

ಅವಳು ಮಂಚದ ಅಂಚಿನಿಂದ ತಲೆ ಇಳಿಬಿಟ್ಟು ಮಲಗುತ್ತಾಳೆ. ನಾನು ಕೆಳಗೆ ಚಾಪೆಯ ಮೇಲೆ ಕೂತು ಓದುತ್ತೇನೆ. ಮಾತು ಓದುವುದು ಸುಲಭ, ಚಿತ್ರ ಹೇಳುವುದೇ ಕಷ್ಟ.

"ಮಂಜು ಕವಿದಿದೆ. ದ್ವೀಪ ತೇಲ್ತಾ ಇದೆ."

"ಗೆರೆ ಹೇಗಿದೆ?"

"ಕಪ್ಪಗಿದೆ."

"ಕಪ್ಪಗಿರದೆ ಮತ್ತೇನು? ದಪ್ಪಾನಾ ತೆಳುವಾ? ಬ್ರಶ್ಶಾ ಪೆನ್ನಾ? ಗುಬ್ಬಿ, ನೀನು ಹಲ್ಲು ಮಾಡೋದೂ ಹೀಗೇನಾ, ಬಿಳಿ ಇದ್ರೆ ಸಾಕು ಅಂತ?"

ಅವಳಿಗೆ ದೋಣಿ ಅಜ್ಜಿ ಅಂದರೆ ಪ್ರಾಣ. ಕಥಾನಾಯಕಿ ತೇಲುವ ದ್ವೀಪಗಳಲ್ಲಿ ತಮ್ಮನನ್ನು ಹುಡುಕುತ್ತಾಳೆ, ಅಜ್ಜಿ ಅವಳನ್ನು ದಾಟಿಸುತ್ತಾಳೆ. ಬಾಯಲ್ಲಿ ಮೂರು ಹಲ್ಲು, ಸಮುದ್ರದ ಭೂತಗಳಿಗೂ ಬೈಗುಳ. ಅಜ್ಜಿ ಬಂದ ಪುಟದಲ್ಲಿ ಅಕ್ಕ ಕತ್ತು ನೋವನ್ನೂ ಮರೆಯುತ್ತಾಳೆ.

ಮಾರ್ಚ್ 15

ಬಸ್‌ಸ್ಟಾಪಿನಲ್ಲಿ ಐದನೆಯದು ಮುಗಿಸಿದೆ. ಮುಗಿಸಬಾರದಿತ್ತು.

ಅಜ್ಜಿ ಮುಳುಗುತ್ತಾಳೆ. ಎರಡು ಪುಟಕ್ಕೂ ಹರಡಿದ ಒಂದೇ ಚಿತ್ರ. ಮಾತಿಲ್ಲ. ಬೂದು ನೀರು, ಖಾಲಿ ದೋಣಿ.

ಬಸ್ಸು ಬಂದು ಹೋಯಿತು. ಕೂತೇ ಇದ್ದೆ.

ಮಾರ್ಚ್ 19, ಬೆಳಿಗ್ಗೆ

ನಿನ್ನೆ ತಪಾಸಣೆ. ಪರದೆ ಅಂಚಿನಲ್ಲಿ ಮತ್ತೆ ಎದ್ದಿದೆ. ಇನ್ನೊಂದು ಆಪರೇಷನ್, ಈ ಸಲ ಎಣ್ಣೆ ತುಂಬುತ್ತಾರೆ. ಆಮೇಲೆ ಮತ್ತೆ ಕವುಚಿ ಮಲಗುವುದು. "ಗ್ಯಾರಂಟಿ ಕೊಡಕ್ಕಾಗಲ್ಲ, ಮಾಡಿಸದಿದ್ರೆ ಮಾತ್ರ ಖಂಡಿತ ಹೋಗುತ್ತೆ" ಅಂದರು ಡಾಕ್ಟರು.

ಅಕ್ಕ ಆಟೋದಲ್ಲಿ ಒಂದೇ ಮಾತಾಡಿದ್ದು. "ಸಾಕು. ನಾನು ಮಾಡಿಸ್ಕೊಳಲ್ಲ."

ಮನೆಗೆ ಬಂದು ಓದು ಅಂದಳು. ಬೇರೆ ದಿನ ಓದೋಣ ಅಂದೆ, ಕೇಳಲಿಲ್ಲ. ಆ ಪುಟ ಬಂತು.

"ಯಾಕೆ ನಿಲ್ಲಿಸ್ದೆ?"

"ಮಾತಿಲ್ಲ. ಬರೀ ಚಿತ್ರ."

"ಹೇಳು."

"ನೀರು. ಬೂದು ಬಣ್ಣ. ದೋಣಿ ಖಾಲಿ ಇದೆ."

ಅಕ್ಕನ ಮೂಗಿನ ತುದಿಯಿಂದ ಒಂದು ಹನಿ ಚಾಪೆಯ ಮೇಲೆ ಬಿತ್ತು. ಕಣ್ಣಿನ ನೀರೋ, ಔಷಧದ್ದೋ ಗೊತ್ತಾಗಲಿಲ್ಲ. ನನ್ನ ಬಾಯಿ ತಾನೇ ಆಡಿತು — "ಅಂಚಿನಲ್ಲಿ ಒಂದು ಕೈ ಇದೆ."

"ಯಾವ ಕೈ?"

"ಎಡಗೈ. ಹಲಗೆ ಹಿಡಿದಿದೆ."

"ಬೆರಳು?"

"ನಾಲ್ಕು ಕಾಣುತ್ತೆ. ಸಣ್ಣದಾಗಿ ಬಿಡಿಸಿದ್ದಾರೆ, ಬಲಗಡೆ ಕೆಳಗೆ."

ಅಕ್ಕ ನೆಲದ ಕಡೆಗೇ ನಕ್ಕಳು. "ನಂಗೊತ್ತಿತ್ತು. ಆ ಮುದುಕಿ ಅಷ್ಟು ಸಲೀಸಾಗಿ ಹೋಗೋಳಲ್ಲ."

ಮಾರ್ಚ್ 21

ಆಪರೇಷನ್‌ಗೆ ಒಪ್ಪಿದಳು. ಹಲ್ಲುಜ್ಜುತ್ತಾ, ಬಾಯಿ ತುಂಬಾ ನೊರೆ ಇಟ್ಟುಕೊಂಡು ಹೇಳಿದಳು: "ಆ ದೋಣಿ ಅಜ್ಜಿ ಕೈ ಬಿಡ್ಲಿಲ್ವಲ್ಲ, ನಾನ್ಯಾಕೆ ಬಿಡ್ಲಿ. ಆಸ್ಪತ್ರೆಗೆ ಫೋನ್ ಮಾಡು."

ತಮಾಷೆಗೆ ಅಂದದ್ದು. ಪೂರ್ತಿ ತಮಾಷೆಯಲ್ಲ. ಫೋನ್ ಮಾಡಿದೆ.

ಏಪ್ರಿಲ್ 12, ಊಟದ ಬಿಡುವು

ಆಪರೇಷನ್ ಮುಗಿದು ಅಕ್ಕ ಮತ್ತೆ ಕವುಚಿ ಮಲಗಿದ್ದಾಳೆ. ಆರನೆಯದು, ಕೊನೆಯ ಭಾಗ. ಇದರಲ್ಲಿ ಅಜ್ಜಿ ಎಲ್ಲೂ ಇಲ್ಲ, ಇರುವುದಕ್ಕೆ ಸಾಧ್ಯವೂ ಇಲ್ಲ. ಹಾಗಾಗಿ ಓದಿ ಹೇಳುವಾಗ ಅವಳನ್ನು ನಾನೇ ತುಂಬುತ್ತಿದ್ದೇನೆ. ನಾಯಕಿ ಒಬ್ಬಳೇ ಗುಡ್ಡ ಹತ್ತುವ ಚಿತ್ರದಲ್ಲಿ ಹಿಂದೆ ಅಜ್ಜಿ ಏದುಸಿರು ಬಿಡುತ್ತಾಳೆ. ಸೇತುವೆ ಕಾವಲುಗಾರನಿಗೆ ಬೈಯುತ್ತಾಳೆ. ಬೈಗುಳಗಳನ್ನು ಕೆಲಸದ ಮಧ್ಯೆ ಯೋಚಿಸಿಡುತ್ತೇನೆ. ಇವತ್ತು ಆ ಗುಂಗಿನಲ್ಲಿ ಯಾರದೋ ಮೇಲಿನ ಹಲ್ಲನ್ನು ಕೆಳಗಿನ ಅಚ್ಚಿಗೆ ಕೂರಿಸಿ ಯಜಮಾನರಿಂದ ಬೈಸಿಕೊಂಡೆ.

ಅಕ್ಕನ ತೀರ್ಪು: "ಈ ಭಾಗವೇ ಚೆನ್ನಾಗಿದೆ ಕಣೆ. ಬರೆಯೋನು ಈಗ ಪಳಗಿದಾನೆ."

ಹಿಗ್ಗಿದೆ. ನಿಜವಾಗಿ ಹಿಗ್ಗಿದೆ. ಕವುಚಿ ಬಿದ್ದವಳ ಕಣ್ಣಿಗೆ ಮಣ್ಣೆರಚಿ ಅದಕ್ಕೆ ಹೊಗಳಿಕೆ ಬೇರೆ ತೆಗೆದುಕೊಂಡೆ.

ಏಪ್ರಿಲ್ 26

ಪರದೆ ಕೂತಿದೆ. ಡಾಕ್ಟರು ಖುಷಿಯಾಗಿದ್ದರು. ಆಮೇಲೆ ಹೇಳಿದರು — ಓಡಾಡುವಷ್ಟು ಕಾಣುತ್ತದೆ, ಸಣ್ಣ ಅಕ್ಷರ, ಸಣ್ಣ ಗೆರೆ ಬರುತ್ತದೋ ಇಲ್ಲವೋ ಈಗಲೇ ಹೇಳಲಾಗದು.

ಸಣ್ಣ ಗೆರೆ ಅಂದಾಕ್ಷಣ ನನಗೆ ಸಮಾಧಾನವಾಯಿತು. ಹಾಗಾದರೆ ಆ ಪುಟ ಅವಳಿಗೆ ಕಾಣುವುದಿಲ್ಲ ಎಂದು. ಒಂದು ಗಳಿಗೆ ಅಷ್ಟೇ. ಪಕ್ಕದಲ್ಲಿ ಅಕ್ಕ ನನ್ನ ಮೊಣಕೈ ಹಿಡಿದು ಕೂತಿದ್ದಳು. ಬೋರ್ಡು ಬರೆಯುವವಳು. ಅವಳ ಕಣ್ಣು ಪೂರ್ತಿ ಬಾರದಿರಲಿ ಅಂದುಕೊಂಡವಳು ಅವಳ ಒಡಹುಟ್ಟಿದವಳು.

ಇವತ್ತೇ ಹೇಳಬೇಕಿತ್ತು. ಔಷಧ ತರಲು ಹೋದೆ.

ಜೂನ್ 3, ಸಂಜೆ

ದಪ್ಪ ಕನ್ನಡಕ ಬಂದಿದೆ. ಗೋಡೆಯ ಗಡಿಯಾರ ಓದಿದಳು. ನನ್ನ ಮುಖ ಹತ್ತಿರ ಎಳೆದು, "ಗುಬ್ಬಿ, ನೀನು ಸೊರಗಿದೀಯ" ಅಂದಳು. ಭೂತಗನ್ನಡಿ ಹಿಡಿದರೆ ಪೇಪರಿನ ತಲೆಬರಹವೂ ಸಿಗುತ್ತದೆ. ಇಬ್ಬರೂ ಅತ್ತೆವು.

ಆಮೇಲೆ ಐದನೇ ಭಾಗ ಕೇಳಿದಳು. ಲೈಬ್ರರಿಯಲ್ಲಿ ಯಾರೋ ತಗೊಂಡು ಹೋಗಿದಾರೆ ಅಂದೆ.

ಇನ್ನೂ ಒಂದು ಸುಳ್ಳು. ಹೊರೆ ಬೆಳೆಯುತ್ತಲೇ ಇದೆ.

ಜೂನ್ 9, ಸಂಜೆ

ಕೆಲಸದಿಂದ ಬಂದಾಗ ಅಕ್ಕ ಟೇಬಲ್ಲಿನ ಹತ್ತಿರ ಕೂತಿದ್ದಳು. ಮುಂದೆ ಐದನೇ ಭಾಗ. ತಾನೇ ಹೋಗಿ ತಂದಿದ್ದಾಳೆ, ಒಬ್ಬಳೇ ರಸ್ತೆ ದಾಟಿ. "ಅಲ್ಲೇ ಇತ್ತಲ್ಲೇ, ಕಪಾಟಿನಲ್ಲಿ." ಸಿಟ್ಟಿಲ್ಲ. ಒಬ್ಬಳೇ ಹೋಗಿ ಬಂದ ಹೆಮ್ಮೆ ಅಷ್ಟೇ.

ಆ ಪುಟ ತೆರೆದಿತ್ತು. ಭೂತಗನ್ನಡಿ ಬಲಗಡೆ ಕೆಳಗೆ.

"ದೋಣಿ ಸಿಕ್ತು. ನೀರಿನ ಗೆರೆ ಕೂಡ ಸಿಕ್ತು, ಎಷ್ಟು ತೆಳು ನೋಡು. ಕೈ ಮಾತ್ರ ಸಿಕ್ತಿಲ್ಲ."

ನಾನು ಚೀಲ ಕೆಳಗಿಡಲಿಲ್ಲ.

"ನೀನು ಹೇಳಿದ್ದು ಇಲ್ಲೇ ತಾನೇ? ನಾಲ್ಕು ಬೆರಳು?" ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಮತ್ತೆ ನೋಡಿದಳು. ಲೈಟಿನ ಸ್ವಿಚ್ ಹಾಕಿಸಿದಳು. ಹಾಕಿ ಬಂದೆ.

"ಬೇಕಾದ ಜಾಗದಲ್ಲೇ ಅಳಿಸಿ ಹೋಗ್ತಿದೆ ಕಣೆ" ಅಂದಳು. ದನಿ ಸಣ್ಣಗಾಗಿತ್ತು. "ಬೋರ್ಡಿನ ಆಸೆ ಬಿಟ್ಟುಬಿಡ್ಬೇಕು ಅನ್ಸುತ್ತೆ. ಬ್ರಶ್ಶುಗಳನ್ನ ನನ್ ಹತ್ರ ಕೆಲಸ ಕಲೀತಿದ್ದ ಹುಡುಗಿಗೆ ಕೊಟ್ಬಿಡೋಣ, ಸುಮ್ನೆ ಒಣಗ್ತವೆ."

ಅಡುಗೆಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ, ಹೇಡಿಯ ಹಾಗೆ. ಬಾಗಿಲಿನಿಂದ ಕಾಣುತ್ತಿದ್ದಾಳೆ. ಪುಸ್ತಕವನ್ನು ಕಿಟಕಿಯ ಹತ್ತಿರ ಒಯ್ದು ಹುಡುಕುತ್ತಿದ್ದಾಳೆ, ಇನ್ನೂ. ಬೆರಳಿನಿಂದ ಕಣ್ಣಿನ ರೆಪ್ಪೆ ಅಗಲಿಸಿ ಹಿಡಿದಿದ್ದಾಳೆ. ಅಯ್ಯೋ, ಹಾಗೆ ಒತ್ತಬಾರದು ಅಂದಿದ್ದರು. ಹೋಗುತ್ತೇನೆ. ಹೇಳುತ್ತೇನೆ. ಅಕ್ಕಾ, ನಿನ್ನ ಕಣ್ಣು ಸರಿಯಾಗಿದೆ, ಅಲ್ಲಿ ಕೈ ಇರಲೇ...