ಹಡಗೇ ಇರಲಿ

ತಾಂಡೂರು
ಸೋಮವಾರ

ಚಿ. ಸೌ. ಪ್ರೇಮಲಾಳಿಗೆ,

ಆಶೀರ್ವಾದಗಳು. ಫೋನಿನಲ್ಲಿ ಹೇಳಿದರೆ ನಿನ್ನ ಗಂಡ ಧನರಾಜ ಸ್ಪೀಕರ್ ಹಾಕಿ ಕೇಳುತ್ತಾನೆ. ಅದಕ್ಕೇ ಜಹೀರಾಬಾದಿಗೆ ಬರುವವರ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ನನಗೆ ಎಪ್ಪತ್ತು ತುಂಬಿತೆಂದು ನನ್ನ ಮಕ್ಕಳಿಬ್ಬರೂ ಸಂಸಾರ ಸಮೇತ ಪ್ರವಾಸಕ್ಕೆ ಬರಲು ಒಪ್ಪಿದ್ದಾರೆ. ಮುಂಬೈಯಿಂದ ಹೊರಡುವ ಹಡಗೋ, ಹೈದರಾಬಾದಿನ ಆಟದ ಪಾರ್ಕೋ ಎಂದು ನೀನು ಕೇಳಿದ್ದೆ. ಹಡಗೇ ಇರಲಿ. ನಿನ್ನ ಮಗಳು, "ಆಯಿ, ಹಡಗಿನಾಗ ಏನದ? ಬರೀ ನೀರು ನೋಡಾಕ ಅಷ್ಟು ದೂರ ಹೋಗಬೇಕೇನು?" ಎಂದು ಮುಖ ಊದಿಸಿಕೊಂಡಳು. "ನೀರು ನೀ ನೋಡು, ನನಗ ಬ್ಯಾರೆ ಕೆಲಸ ಅದ" ಎಂದೆ.

ಕಲ್ಲಿನ ಪಾಲಿಶ್ ಕಾರ್ಖಾನೆ ಭಾಗವಾದ ಮೇಲೆ ಧನರಾಜ ಮತ್ತು ಅವನ ತಮ್ಮ ಸಂಗು ಒಂದೇ ಪಂಕ್ತಿಯಲ್ಲಿ ಉಂಡಿಲ್ಲ. ಯುಗಾದಿಗೆ ಒಬ್ಬ ಬೆಳಿಗ್ಗೆ ಬಂದು ಹೋದ, ಇನ್ನೊಬ್ಬ ಅವನ ಕಾರು ಹೋದದ್ದು ನೋಡಿಕೊಂಡು ಬಂದ. ಪಾರ್ಕಿನಲ್ಲಾದರೆ ತಮ್ಮ ತಮ್ಮ ಮಕ್ಕಳ ಕೈ ಹಿಡಿದು ಒಂದೊಂದು ಮೂಲೆ ಸೇರುತ್ತಾರೆ. ಹಡಗು ಬಿಟ್ಟು ಎಲ್ಲಿಗೆ ಹೋಗುತ್ತಾರೆ?

ಎಲ್ಲರಿಗೂ ಒಂದೇ ಮೇಜು ಹೇಳಿಡು. ಸಸ್ಯಾಹಾರ ಇದೆಯೇ ಮೊದಲೇ ಕೇಳು. ಕೋಣೆಗೆ ತಿಂಡಿ ತರಿಸಬೇಡ. ನನ್ನ ಲಿಂಗಪೂಜೆ ಮುಗಿದು ನಾನು ಬಂದು ಕೂಡುವವರೆಗೆ ನಮ್ಮ ಮನೆಯಲ್ಲಿ ಯಾರೂ ತುತ್ತು ಎತ್ತುವುದಿಲ್ಲ. ಹಡಗಿನಲ್ಲೂ ಹಾಗೇ ನಡೆಯಬೇಕು. ಅಣ್ಣ ತಮ್ಮ ಎದುರೆದುರು ಕೂತು ಕಾಯಲಿ. ಮೊದಲ ದಿನ ನನ್ನ ಪೂಜೆ ಬಹಳ ಹೊತ್ತು ನಡೆಯುತ್ತದೆ. ಬಾಗಿಲು ತಟ್ಟಬೇಡ. ಇಬ್ಬರೂ ಕೂಡಿ ನನ್ನನ್ನು ಬೈಯಲು ಶುರು ಮಾಡಿದ ಮೇಲೆ ಬಂದು ಕರೆ.

ಇಂತು,
ನಿನ್ನ ಅತ್ತೆ
ಬಸವೇಶ್ವರಿ